ಎಳೆದು ನೋಡುವ ಜೀವಕೋಶ

ಹೃದ್ರೋಗ ಎಂದೊಡನೆ ನಮ್ಮ ಮಾತು ಕೊಬ್ಬು ಕಟ್ಟಿದ ರಕ್ತನಾಳದ ಬಳಿ ಬಂದು ನಿಂತುಬಿಡುತ್ತದೆ. ಹೃದಯವೆಂದರೆ ಪಂಪು, ಕೊಳವೆ ಕಟ್ಟಿದರೆ ಕೆಡುತ್ತದೆ, ಅಷ್ಟೇ! ಈ ಅರೆ ತಿಳಿವಳಿಕೆ ನನಗೆ ಬೇಸರ ತರಿಸುತ್ತದೆ. ಹೃದಯದ ಜೀವಕೋಶಗಳ ಸುತ್ತ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹಂದರವಿದೆ. ಕೋಶಗಳು ಅದಕ್ಕೆ ಸುಮ್ಮನೆ ಅಂಟಿಕೊಂಡಿಲ್ಲ. ಅದು ಎಷ್ಟು ಗಡಸು ಎಂದು ಸದಾ ಎಳೆದು ನೋಡುತ್ತಿರುತ್ತವೆ.

ಈ ಎಳೆತವನ್ನು ಜೀವವಿಜ್ಞಾನಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು 1980ರಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಿದರು. ತೀರ ತೆಳುವಾದ ಸಿಲಿಕೋನ್ ರಬ್ಬರಿನ ಪೊರೆಯ ಮೇಲೆ ಕೋಶಗಳನ್ನು ಬೆಳೆಸಿದರು. ಕೋಶ ತೆವಳಿದಲ್ಲೆಲ್ಲ ಪೊರೆ ಸುಕ್ಕುಗಟ್ಟಿತು.

ಎಳೆದರೆ ಗಡಸುತನ ತಿಳಿಯುವುದು ಹೇಗೆ? ಇಂಟೆಗ್ರಿನ್ ಎಂಬ ಪ್ರೋಟೀನು ಕೊಕ್ಕೆಯಂತೆ ಹೊರಗಿನ ನಾರನ್ನು ಹಿಡಿದಿರುತ್ತದೆ. ಕೋಶದೊಳಗೆ ಅದಕ್ಕೆ ತಗುಲಿಕೊಂಡಿರುವುದು ಟ್ಯಾಲಿನ್, ಮಡಿಕೆ ಮಡಿಕೆಯಾದ ಇನ್ನೊಂದು ಪ್ರೋಟೀನು. ಕೆಸರಿನಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಎಳೆದರೆ ಗೂಟವೇ ವಾಲುತ್ತದೆ. ಬಂಡೆಗೆ ಬಡಿದ ಗೂಟವಾದರೆ ಹಗ್ಗ ಬಿಗಿಯುತ್ತದೆ. ಆ ಹಗ್ಗದ ನಡುವೆ ಮಡಚಿದ ಚೀಟಿಯೊಂದಿದೆ ಎಂದುಕೊಳ್ಳಿ. ಹಗ್ಗ ಬಿಗಿದಾಗ ಮಾತ್ರ ಚೀಟಿ ಬಿಚ್ಚಿಕೊಂಡು ಒಳಗಿನ ಬರಹ ಕಾಣುತ್ತದೆ. ಟ್ಯಾಲಿನ್ ಆ ಚೀಟಿ. ಅದರ ಮಡಿಕೆ ಬಿಚ್ಚಿದಾಗ ಅಡಗಿದ್ದ ತಾಣಗಳು ತೆರೆದುಕೊಳ್ಳುತ್ತವೆ, ವಿಂಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನು ಬಂದು ಅಲ್ಲಿ ಅಂಟುತ್ತದೆ, ಹಿಡಿತ ಇನ್ನಷ್ಟು ಬಲಗೊಳ್ಳುತ್ತದೆ. ಕಣ್ಣಿಲ್ಲದ ಕೋಶಕ್ಕೆ ನೆಲದ ಪರಿಚಯವಾಗುವುದು ಹೀಗೆ. ಎಷ್ಟು ಸಲ ನೆನೆದರೂ ನನಗೆ ಈ ಬೆರಗು ತೀರದು.

ಸಂಶೋಧಕ ಆಡಮ್ ಎಂಗ್ಲರ್ ಮತ್ತು ಸಂಗಡಿಗರು 2008ರಲ್ಲಿ ಭ್ರೂಣದ ಹೃದಯಕೋಶಗಳನ್ನು ಬೇರೆ ಬೇರೆ ಗಡಸುತನದ ಜೆಲ್‌ಗಳ ಮೇಲಿಟ್ಟರು. ಹೃದಯದಷ್ಟೇ ಮೆದುವಾದ, ಸುಮಾರು 10 ಕಿಲೋಪ್ಯಾಸ್ಕಲ್ (ಗಡಸುತನ ಅಳೆಯುವ ಮಾನ) ಗಡಸಿನ ಜೆಲ್ ಮೇಲೆ ಅವು ಚೆನ್ನಾಗಿ ಮಿಡಿದವು. ಗಾಯದ ಕಲೆಯಷ್ಟು ಗಡಸಾದ ಜೆಲ್ ಮೇಲೆ ಎಳೆದೆಳೆದು ದಣಿದು, ಮಿಡಿಯುವುದನ್ನೇ ನಿಲ್ಲಿಸಿದವು.

ಹೃದಯಾಘಾತದ ನಂತರ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಕಟ್ಟಲೇಬೇಕು, ಇಲ್ಲದಿದ್ದರೆ ಹೃದಯದ ಗೋಡೆ ಒಡೆದೀತು. ಕಲೆ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳು ಆಗ ಬಲವಾಗಿ ಎಳೆಯುವ ಮಯೋಫೈಬ್ರೋಬ್ಲಾಸ್ಟ್‌ಗಳಾಗುತ್ತವೆ. ಕಷ್ಟ ಶುರುವಾಗುವುದು ಇಲ್ಲಿಂದ. ಹಂದರದಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ಬೀಗ ಹಾಕಿದಂತೆ ಕಟ್ಟಿಬಿದ್ದಿರುತ್ತದೆ. ಗಡಸು ಹಂದರವನ್ನು ಕೋಶ ಎಳೆದಾಗ ಬೀಗ ಕಳಚುತ್ತದೆ. ಬಿಡುಗಡೆಯಾದ ಪ್ರೋಟೀನು ಇನ್ನಷ್ಟು ಕೊಲಾಜೆನ್ ಕಟ್ಟಿಸುತ್ತದೆ. ಹಂದರ ಇನ್ನಷ್ಟು ಗಡಸಾಗುತ್ತದೆ.

ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆ ಹೃದಯಕ್ಕಿಂತ ಲಕ್ಷಪಟ್ಟು ಗಡಸು. ದಶಕಗಳಿಂದ ಫೈಬ್ರೋಬ್ಲಾಸ್ಟ್‌ಗಳನ್ನು ಬೆಳೆಸಿರುವುದು ಬಹುಮಟ್ಟಿಗೆ ಅಂಥ ತಟ್ಟೆಗಳಲ್ಲೇ. ಆರೋಗ್ಯವಂತ ಹೃದಯದಿಂದ ತೆಗೆದ ಫೈಬ್ರೋಬ್ಲಾಸ್ಟ್ ಕೂಡ ಆ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಮಯೋಫೈಬ್ರೋಬ್ಲಾಸ್ಟ್ ಆಗತೊಡಗುತ್ತದೆ.