ಗ್ರಾಮರ್ ಬಾಯಿಗೆ ಬರುತ್ತದೆ, ಬರೆದರೆ ತಪ್ಪು: ಏನು ಮಾಡುವುದು?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಇಂಗ್ಲಿಷ್ ಗ್ರಾಮರ್ ಕೇಳಿದರೆ ನಿಯಮಗಳನ್ನೆಲ್ಲ ಪಟಪಟ ಹೇಳುತ್ತಾಳೆ. ಬರೆಯಲು ಕೂತರೆ ತಪ್ಪು. ಇನ್ನೊಂದು ಗ್ರಾಮರ್ ಪುಸ್ತಕ ಕೊಡಿಸಬೇಕಾ?

ಬೇಡ, ಇರುವುದೇ ಸಾಕು. ಆ ದುಡ್ಡಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತಂದುಕೊಡಿ. ಹಳೆಯ ಟೆಸ್ಟ್ ಪೇಪರುಗಳಲ್ಲಿ ಕೆಂಪು ಇಂಕು ಬಿದ್ದ ವಾಕ್ಯಗಳನ್ನು ಅವಳು ಅದರಲ್ಲಿ ಬರೆಯಲಿ, ಎದುರಿಗೆ ಸರಿಯಾದ ವಾಕ್ಯ. ಹತ್ತಿಪ್ಪತ್ತು ಆಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕನ್ನಡ ಒಂದು ದಾರಿ, ಇಂಗ್ಲಿಷ್ ಇನ್ನೊಂದು ದಾರಿ ಹಿಡಿಯುವ ಕಡೆಯೇ ತಪ್ಪು ಜಾಸ್ತಿ.

ಎ, ಆನ್ ನೋಡಿ. ಕನ್ನಡದಲ್ಲಿ ಇವು ಇಲ್ಲವೇ ಇಲ್ಲ. 'ಎ, ಇ, ಐ, ಒ, ಯು ಬಂದರೆ ಆನ್' ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಆಮೇಲೆ ಯೂನಿವರ್ಸಿಟಿಗೂ ಆನ್ ಹಾಕುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಉಚ್ಚಾರಣೆ, ಸ್ಪೆಲಿಂಗ್ ಅಲ್ಲ. ಕನ್ನಡ ಬಲ್ಲವರಿಗೆ ಇದು ಸುಲಭ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಯೂನಿವರ್ಸಿಟಿ 'ಯ'ಕಾರದಿಂದ ಶುರುವಾಗುತ್ತದೆ, ಅದು ವ್ಯಂಜನ, ಹಾಗಾಗಿ 'ಎ'. ಗಂಟೆ ಎಂಬ ಅರ್ಥದ ಅವರ್ ಸ್ವರದಿಂದ ಶುರು, ಹಾಗಾಗಿ 'ಆನ್'. ಎಂಎಲ್‌ಎಗೂ 'ಆನ್'. ಒಂದು ಮೋಸ ಮಾತ್ರ ಇದೆ. ನಾವು 'ಒನ್ ವೇ' ಎಂದು ಬರೆಯುತ್ತೇವೆ. ಇಂಗ್ಲಿಷಿನವರ ಬಾಯಲ್ಲಿ ಅದು 'ವನ್', ಆದ್ದರಿಂದ 'ಎ' ಬರಬೇಕು. ಎಗ್ಗನ್ನು 'ಯಗ್' ಅನ್ನುವ ಮನೆಯಾದರೆ ಅಲ್ಲೂ ಹುಷಾರು!

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವುದು, ಇದಕ್ಕಿಂತ ಕಷ್ಟ. ಅದಕ್ಕೆ ಕಾರಣ ನಮ್ಮ 'ಅಂತ'. 'ನಾಳೆ ಬರ್ತೀನಿ ಅಂತ ರವಿ ಹೇಳಿದ' ಎಂದರೆ ರವಿ ಆಡಿದ ಮಾತು ಹಾಗೇ ಉಳಿಯಿತು, ಅಲ್ವಾ? ಇಂಗ್ಲಿಷಿನಲ್ಲಿ ಮೂರು ಕಡೆ ಬದಲಾಗುತ್ತದೆ: 'ಐ' ಹೋಗಿ 'ಹಿ', 'ವಿಲ್' ಹೋಗಿ 'ವುಡ್', 'ಟುಮಾರೊ' ಹೋಗಿ 'ದ ನೆಕ್ಸ್ಟ್ ಡೇ'. ಮಗಳು ಮೊದಲು ಈ ಮೂರಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆಯಲಿ, ಆಮೇಲೆ ಬರೆಯಲಿ. ದಿನಕ್ಕೆ ಐದು ವಾಕ್ಯ ಸಾಕು. ಮನೆಯವರ ಮಾತನ್ನೇ ತೆಗೆದುಕೊಳ್ಳಬಹುದು. ಅಜ್ಜಿ ಬೈದದ್ದೂ ನಡೆಯುತ್ತದೆ.

ಇನ್ನು ಪದಗಳು. ಸುಮ್ನೆ ಪಟ್ಟಿ ಉರು ಹೊಡೆಯುವುದು ನನಗೆ ಹಿಡಿಸುವುದಿಲ್ಲ. ನಮ್ಮ 'ಹಾಕು' ಒಂದೇ ಎಷ್ಟು ಕೆಲಸ ಮಾಡುತ್ತದೆ ನೋಡಿ: ಫ್ಯಾನ್ ಹಾಕು, ಬೀಗ ಹಾಕು, ಅಂಗಿ ಹಾಕು. ಎಲ್ಲದಕ್ಕೂ 'ಪುಟ್' ಎಂದರೆ ಆಗುವುದಿಲ್ಲ. ಫ್ಯಾನಿಗೆ 'ಸ್ವಿಚ್ ಆನ್', ಬಾಗಿಲಿಗೆ 'ಲಾಕ್', ಅಂಗಿಗೆ 'ಪುಟ್ ಆನ್'. 'ಮಾಡು' ಕತೆಯೂ ಅದೇ. ಹೋಮ್‌ವರ್ಕಿಗೆ 'ಡು', ಮಿಸ್ಟೇಕಿಗೆ 'ಮೇಕ್'. ಹೊಸ ಪದವನ್ನು ಅದರ ಜೊತೆಗಾರನ ಸಮೇತ ಬರೆದುಕೊಂಡರೆ ನೆನಪಲ್ಲೂ ಉಳಿಯುತ್ತದೆ, ಬಳಸಲೂ ಬರುತ್ತದೆ.

ಪಾಠದಲ್ಲಿಲ್ಲದ ಪ್ಯಾಸೇಜ್ ಕೊಟ್ಟರೆ ಮೊದಲು ಪ್ರಶ್ನೆ ಓದಲಿ, ಆಮೇಲೆ ಪ್ಯಾಸೇಜ್. ಗೊತ್ತಿಲ್ಲದ ಪದ ಸಿಕ್ಕರೆ ಅಲ್ಲೇ ನಿಲ್ಲದೆ ವಾಕ್ಯ ಮುಗಿಸಲಿ. 'ವೈ' ಎಂದು ಕೇಳಿದ್ದರೆ 'ಬಿಕಾಸ್', 'ಸೋ' ಇರುವ ಸಾಲಿನ ಆಸುಪಾಸು ಹುಡುಕಲಿ.

ದ್ವಿತೀಯ ಭಾಷೆಯಾದ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು, ಉಳಿದ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆ 80ರಲ್ಲಿ ಪತ್ರ, ಪ್ರಬಂಧವೂ ಇರುತ್ತವೆ. ಗ್ರಾಮರ್ ಪ್ರಶ್ನೆಯಲ್ಲಿ ಸರಿ ಮಾಡಿದ್ದನ್ನೇ ಮಕ್ಕಳು ಅಲ್ಲಿ ತಪ್ಪುತ್ತಾರೆ, ಯಾಕೆಂದರೆ ಗಮನ ವಿಷಯದ ಮೇಲಿರುತ್ತದೆ. ಅದಕ್ಕೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳು ಪದೇ ಪದೇ ಮಾಡುವ ಮೂರು ತಪ್ಪು ಬರೆಸಿಡಿ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಉತ್ತರ ಪತ್ರಿಕೆ ತಿರುವಿ ಆ ಮೂರನ್ನಷ್ಟೇ ಹುಡುಕಲಿ.