ಕೈಯಲ್ಲಿದ್ದ ಮೂರು ಎಲ್ಲಿ ಹೋಯಿತು?

ಆರು ಸಂಖ್ಯೆಗಳಿವೆ: 47, 38, 26, 53, 64, 19. ಕಾಗದ, ಪೆನ್ನು, ಫೋನು ಯಾವುದನ್ನೂ ಮುಟ್ಟದೆ ಕೂಡಿ ನೋಡಿ.

ನಮ್ಮಲ್ಲಿ ಅನೇಕರು ತಕ್ಷಣ ತಲೆಯೊಳಗೊಂದು ಸ್ಲೇಟು ತೆರೆಯುತ್ತೇವೆ. ಶಾಲೆಯಲ್ಲಿ ಕಲಿತ ಹಾಗೆ ಬಿಡಿಸ್ಥಾನದಿಂದ ಶುರು. ಏಳು ಎಂಟು ಹದಿನೈದು, ಆರು ಸೇರಿ ಇಪ್ಪತ್ತೊಂದು, ಮೂರು ಸೇರಿ ಇಪ್ಪತ್ತನಾಲ್ಕು, ನಾಲ್ಕು ಸೇರಿ ಇಪ್ಪತ್ತೆಂಟು, ಒಂಬತ್ತು ಸೇರಿ ಮೂವತ್ತೇಳು. ಏಳು ಬರೆದು ಕೈಯಲ್ಲಿ ಮೂರು. ಇನ್ನು ಹತ್ತರ ಸ್ಥಾನ: ನಾಲ್ಕು, ಮೂರು, ಎರಡು, ಐದು... ಇಪ್ಪತ್ತೊಂದಕ್ಕೆ ಬಂದು ಮುಟ್ಟುವಷ್ಟರಲ್ಲಿ, ಕೈಯಲ್ಲಿದ್ದದ್ದು ಮೂರೋ ಎರಡೋ? ಬರೆದಿಟ್ಟದ್ದು ಏಳೋ ಎಂಟೋ?

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ದಾರಿಯಲ್ಲಿ ಕಷ್ಟದ ಕೂಡುವಿಕೆ ಒಂದೂ ಇರಲಿಲ್ಲ. ಇಪ್ಪತ್ತೆಂಟಕ್ಕೆ ಒಂಬತ್ತು ಸೇರಿಸಲು ಯಾರೂ ಒದ್ದಾಡುವುದಿಲ್ಲ. ಒದ್ದಾಟವೆಲ್ಲ ಬಂದದ್ದನ್ನು ಇಟ್ಟುಕೊಳ್ಳುವುದರಲ್ಲಿ. ‘ನನಗೆ ಲೆಕ್ಕ ಬರುವುದಿಲ್ಲ’ ಎನ್ನುವವರನ್ನು ಕಂಡಾಗಲೆಲ್ಲ ನನಗೆ ಇದನ್ನೇ ಹೇಳಬೇಕೆನಿಸುತ್ತದೆ: ಎಷ್ಟೋ ಸಲ ಅವರಿಗೆ ಬಾರದಿರುವುದು ಲೆಕ್ಕವಲ್ಲ. ಕಾಗದಕ್ಕೆಂದು ಹುಟ್ಟಿದ ವಿಧಾನವನ್ನು ಕಾಗದವಿಲ್ಲದ ಕಡೆ ಬಳಸುತ್ತಿದ್ದಾರೆ, ಅಷ್ಟೇ.

ಮನೋವಿಜ್ಞಾನಿ ಗ್ರಹಾಂ ಹಿಚ್ 1978ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಬಾಯಿಲೆಕ್ಕ ಮಾಡುವವರು ಮೊತ್ತವನ್ನು ಹಂತ ಹಂತವಾಗಿ ಕಟ್ಟುತ್ತಾರೆ. ನಡುವೆ ಸಿಕ್ಕ ಉತ್ತರವನ್ನು ಕೂಡಲೇ ಬಳಸದೆ ಪಕ್ಕಕ್ಕಿಟ್ಟರೆ ಅದು ಮಸುಕಾಗುತ್ತದೆ, ತಪ್ಪು ಅಲ್ಲಿಂದ ನುಸುಳುತ್ತದೆ. ಹೀಗೆ ಕ್ಷಣಕಾಲ ಹಿಡಿದಿಟ್ಟುಕೊಂಡು ಕೆಲಸ ಮಾಡುವ ನೆನಪಿಗೆ ವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ನಾವು ಕೆಲಸದ ನೆನಪು ಎನ್ನೋಣ. ಅದರ ಜಾಗ ತೀರಾ ಕಿರಿದು. ಏಳರ ಆಸುಪಾಸು ಸಂಗತಿಗಳು ಹಿಡಿಸುತ್ತವೆ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು.

ಅಂದಮೇಲೆ ಬಾಯಿಲೆಕ್ಕದ ಯಾವುದೇ ಉಪಾಯವನ್ನು ತೂಗಲು ನನ್ನ ತಕ್ಕಡಿ ಒಂದೇ: ಅದು ತಲೆಯಲ್ಲಿ ಎಷ್ಟು ಸಂಖ್ಯೆಗಳನ್ನು ಹೊರಿಸುತ್ತದೆ?

ಈ ತಕ್ಕಡಿಯಲ್ಲಿ ಗೆಲ್ಲುವುದು ಎಡದಿಂದ ಬಲಕ್ಕೆ ಕೂಡುವ ಕ್ರಮ. 47 ಹಿಡಿದುಕೊಳ್ಳಿ. 38 ಬಂತು: ಮೊದಲು ಮೂವತ್ತು ಸೇರಿಸಿ 77, ಆಮೇಲೆ ಎಂಟು ಸೇರಿಸಿ 85. 26 ಬಂತು: 105, 111. 53 ಬಂತು: 161, 164. 64 ಬಂತು: 224, 228. 19 ಬಂತು: 238, 247. ಮುಗಿಯಿತು. ಪ್ರತಿ ಹೆಜ್ಜೆಯಲ್ಲೂ ನಿಮ್ಮ ಬಳಿ ಇದ್ದದ್ದು ಅಲ್ಲಿಯವರೆಗಿನ ಮೊತ್ತ ಒಂದೇ. ಕೈಯಲ್ಲಿ ಇಷ್ಟು, ಬರೆದದ್ದು ಅಷ್ಟು ಎಂಬ ಎರಡು ಗಂಟುಗಳಿಲ್ಲ. ಹೊಸ ಮೊತ್ತ ಬಂದೊಡನೆ ಹಳೆಯದನ್ನು ನಿಶ್ಚಿಂತೆಯಿಂದ ಮರೆಯಬಹುದು. ಮರೆಯಲು ಅವಕಾಶವಿರುವುದೇ ಈ ಕ್ರಮದ ದೊಡ್ಡ ಗುಣ.

ಕನ್ನಡದಲ್ಲಿ ಎಣಿಸುವವರಿಗೆ ಇದು ಇನ್ನೂ ಹಗುರ. ‘ನಲವತ್ತೇಳು’ ಎಂಬ ಮಾತಿನಲ್ಲಿ ನಲವತ್ತು ಮೊದಲು, ಏಳು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಕೂಡುತ್ತ ಹೋಗಬಹುದು. ಜರ್ಮನ್ ಭಾಷೆಯಲ್ಲಿ ಇದೇ ಸಂಖ್ಯೆಯನ್ನು ‘ಏಳು ಮತ್ತು ನಲವತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ.

ಮೊತ್ತವನ್ನು ಮನಸ್ಸಿನಲ್ಲೇ ಉಚ್ಚರಿಸಿಕೊಳ್ಳುವುದಕ್ಕೂ ಕಾರಣವಿದೆ. 1994ರಲ್ಲಿ ರಾಬರ್ಟ್ ಲೋಗಿ ಮತ್ತು ಸಂಗಡಿಗರು ಎರಡಂಕಿಯ ಸಂಖ್ಯೆಗಳ ಸಾಲನ್ನೇ ಜನರಿಂದ ಕೂಡಿಸಿ ಪರೀಕ್ಷಿಸಿದರು. ಕೂಡುವಾಗಲೇ ಬಾಯಿಗೆ ಬೇರೊಂದು ಮಾತನ್ನು ಮತ್ತೆ ಮತ್ತೆ ಹೇಳುವ ಕೆಲಸ ಕೊಟ್ಟರೆ ಲೆಕ್ಕ ಕೆಡುತ್ತಿತ್ತು. ಅಡ್ಡಾದಿಡ್ಡಿ ಅಕ್ಷರಗಳನ್ನು ಯೋಚಿಸಿ ಹೇಳುವ ಕೆಲಸ ಕೊಟ್ಟರಂತೂ ಇನ್ನೂ ಹೆಚ್ಚು ಕೆಡುತ್ತಿತ್ತು. ಒಳದನಿ ಮೊತ್ತವನ್ನು ಹಿಡಿದಿರುತ್ತದೆ, ಗಮನ ಮುಂದಿನ ಹೆಜ್ಜೆ ನಡೆಸುತ್ತದೆ. ಎರಡಕ್ಕೂ ಬಿಡುವು ಬೇಕು. ಲೆಕ್ಕ ಮಾಡುತ್ತಿರುವವರನ್ನು ಮಾತಾಡಿಸಬಾರದು ಎಂಬುದು ಬರೀ ಸೌಜನ್ಯದ ಮಾತಲ್ಲ.

ಸಂಖ್ಯೆಗಳು ಕಣ್ಣಮುಂದೆಯೇ ಇದ್ದರೆ ಬೇರೆ ದಾರಿಗಳೂ ತೆರೆದುಕೊಳ್ಳುತ್ತವೆ. ಹತ್ತರ ಸ್ಥಾನಗಳನ್ನೆಲ್ಲ ಮೊದಲು ಕೂಡಿ: 40, 70, 90, 140, 200, 210. ಆ 210ಕ್ಕೆ ಬಿಡಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ: 217, 225, 231, 234, 238, 247. ನಡುವೆ ಯಾರಾದರೂ ಕರೆದು ಲೆಕ್ಕ ತಪ್ಪಿತು ಎನ್ನಿ. ಉತ್ತರ ಇನ್ನೂರ ಹತ್ತಕ್ಕಿಂತ ಕೆಳಗಿಲ್ಲ ಎಂಬುದಾದರೂ ನಿಮಗೆ ಗೊತ್ತಿರುತ್ತದೆ. ಬಿಡಿಸ್ಥಾನದಿಂದ ಹೊರಟವರು ಅರ್ಧದಲ್ಲಿ ನಿಂತರೆ ಅವರ ಬಳಿ ಇರುವುದು ಕೊನೆಯ ಅಂಕಿ ಏಳು ಎಂಬ ಸುದ್ದಿ ಮಾತ್ರ.

ಜೋಡಿ ಹುಡುಕುವ ಉಪಾಯ ಎಲ್ಲರಿಗೂ ಪ್ರಿಯ: 47 ಮತ್ತು 53 ಸೇರಿದರೆ ನೂರು, 26 ಮತ್ತು 64 ಸೇರಿದರೆ ತೊಂಬತ್ತು, ಉಳಿದ 38 ಮತ್ತು 19 ಸೇರಿ 57. ನೋಡಲು ಚೆಂದ. ಆದರೆ ಯಾವುದನ್ನು ಕೂಡಿಯಾಯಿತು, ಯಾವುದು ಉಳಿಯಿತು ಎಂಬ ಪಟ್ಟಿಯನ್ನು ಇದು ತಲೆಯ ಮೇಲೆ ಹೊರಿಸುತ್ತದೆ. ಕಣ್ಣಿಗೆ ಕಾಣುವ ಐದಾರು ಸಂಖ್ಯೆಗಳಿಗೆ ಸರಿ. ಯಾರೋ ಓದಿ ಹೇಳುತ್ತಿದ್ದರೆ ಇದರ ಗೋಜಿಗೆ ಹೋಗಬೇಡಿ. 19ರಂಥವನ್ನು ‘ಇಪ್ಪತ್ತು ಸೇರಿಸಿ ಒಂದು ಕಳೆ’ ಎಂದು ಮಾಡುವುದು ಮಾತ್ರ ಎಲ್ಲ ಕಡೆಯೂ ನಡೆಯುತ್ತದೆ. ಕಳೆಯುವುದನ್ನು ಅಲ್ಲಿಂದಲ್ಲಿಗೇ ಮುಗಿಸಿ. ‘ಕೊನೆಗೆ ಒಟ್ಟಿಗೆ ಕಳೆದರಾಯಿತು’ ಎಂದು ಬಾಕಿ ಉಳಿಸಿದರೆ ಮತ್ತೆ ಎರಡು ಗಂಟು.

ಸಂಖ್ಯೆಗಳು ಒತ್ತಟ್ಟಿಗಿದ್ದಾಗ ನನಗೆ ಅಚ್ಚುಮೆಚ್ಚಿನ ದಾರಿ ಬೇರೆ. 68, 73, 71, 66, 74, 69, 72 ತೆಗೆದುಕೊಳ್ಳಿ. ಎಲ್ಲವೂ ಎಪ್ಪತ್ತರ ನೆರೆಯವು. ಏಳು ಎಪ್ಪತ್ತಲಿ ನಾನೂರ ತೊಂಬತ್ತು ಎಂದು ಬದಿಗಿಡಿ. ಈಗ ಎಪ್ಪತ್ತರಿಂದ ಯಾವುದು ಎಷ್ಟು ಸರಿದಿದೆ ಎಂದಷ್ಟೇ ನೋಡಿ: ಎರಡು ಕಡಿಮೆ, ಮೂರು ಹೆಚ್ಚು, ಒಂದು ಹೆಚ್ಚು, ನಾಲ್ಕು ಕಡಿಮೆ, ನಾಲ್ಕು ಹೆಚ್ಚು, ಒಂದು ಕಡಿಮೆ, ಎರಡು ಹೆಚ್ಚು. ನಿವ್ವಳ ಮೂರು ಹೆಚ್ಚು. ಉತ್ತರ 493. ಇಲ್ಲೂ ಎರಡು ಗಂಟುಗಳಿವೆ ನಿಜ, ಆದರೆ ಒಂದು ಕದಲುವುದೇ ಇಲ್ಲ, ಇನ್ನೊಂದು ಸೊನ್ನೆಯ ಸುತ್ತಲೇ ತೂಗುತ್ತಿರುತ್ತದೆ.

ಒಳದನಿಯನ್ನು ಬಹುಮಟ್ಟಿಗೆ ಬಿಟ್ಟೇ ಲೆಕ್ಕ ಮಾಡುವವರೂ ಇದ್ದಾರೆ. ಅಬ್ಯಾಕಸ್‌ನಲ್ಲಿ ವರ್ಷಗಟ್ಟಲೆ ಪಳಗಿದ ಮಕ್ಕಳು ಮಣಿಗಳ ಚಿತ್ರವನ್ನು ಮನಸ್ಸಿನಲ್ಲಿ ಮೂಡಿಸಿಕೊಂಡು ಕೂಡುತ್ತಾರೆ. ನೆನಪಿನ ಭಾರ ಮಾತಿನಿಂದ ಚಿತ್ರಕ್ಕೆ ದಾಟುತ್ತದೆ. ಅದು ಬಿಡುವಿನಲ್ಲಿ ಕಲಿಯುವ ಉಪಾಯವಲ್ಲ, ದೀರ್ಘ ಅಭ್ಯಾಸದ ಫಲ.

ಉತ್ತರ ಬಂದ ಮೇಲೆ ತಾಳೆ ನೋಡಲು ಒಂಬತ್ತನ್ನು ಬಿಡುವ ಕ್ರಮವಿದೆ. ಅಂಕಿಗಳನ್ನು ಒಂದಂಕಿ ಉಳಿಯುವವರೆಗೆ ಕೂಡುತ್ತ ಹೋಗಿ: 47 ಹನ್ನೊಂದಾಗಿ ಎರಡಾಗುತ್ತದೆ. ಮೊದಲ ಪಟ್ಟಿಯ ಆರೂ ಹೀಗೆ 2, 2, 8, 8, 1, 1. ಒಟ್ಟು 22, ಅಂದರೆ 4. ಉತ್ತರ 247ರ ಅಂಕಿಗಳು 13, ಅಂದರೆ 4. ತಾಳೆಯಾಯಿತು. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಹಾಗಾಗಿ ಅಂಕಿಗಳ ಮೊತ್ತವೂ ಮೂಲ ಸಂಖ್ಯೆಯೂ ಒಂಬತ್ತರ ಭಾಗಾಕಾರದಲ್ಲಿ ಒಂದೇ ಶೇಷ ಕೊಡುತ್ತವೆ. ಹತ್ತು ಹೆಚ್ಚೋ ಕಡಿಮೆಯೋ ಆಗಿದ್ದರೆ, ಅಂದರೆ ಕೈಯಲ್ಲಿದ್ದದ್ದರಲ್ಲಿ ಒಂದು ತಪ್ಪಿದ್ದರೆ, ಇದು ಹಿಡಿದುಕೊಡುತ್ತದೆ.

ಹಿಡಿಯಲಾಗದ ತಪ್ಪುಗಳೂ ಇವೆ. ಅವುಗಳಲ್ಲೊಂದು ಅಂಕಿಗಳು ಅದಲುಬದಲಾಗುವುದು. 247ರ ಬದಲು 274 ಎಂದರೂ ಶೇಷ ನಾಲ್ಕೇ. ಈ ತಪ್ಪಿಗೆ ಹೆಚ್ಚು ಆಸ್ಪದ ಕೊಡುವುದು ಮತ್ತೆ ಅದೇ ಕಾಗದದ ಕ್ರಮ. ಅಲ್ಲಿ ಉತ್ತರ ಏಳು, ನಾಲ್ಕು, ಎರಡು ಎಂದು ಹಿಂದುಮುಂದಾಗಿ ಹುಟ್ಟುತ್ತದೆ, ಹೇಳುವ ಮುನ್ನ ಅದನ್ನು ತಿರುಗಿಸಬೇಕು. ಎಡದಿಂದ ಬಂದವರ ಬಾಯಲ್ಲಿ ಅದಾಗಲೇ ‘ಇನ್ನೂರ ನಲವತ್ತೇಳು’ ಆಗಿರುತ್ತದೆ.