ಕಾಲೇಜು ಫುಟ್‌ಬಾಲ್ ಜೆರ್ಸಿ: ಬಣ್ಣ ಬದಲಾಗಿದ್ದು ಯಾರ ಕಣ್ಣಿಗಾಗಿ?

ತಂಡದ ಗುರುತು ಅಂದರೇನು ಅಂತ ಓದುವಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಅಮೆರಿಕದ ಕಾಲೇಜು ಫುಟ್‌ಬಾಲ್. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟ. ಇಲ್ಲಿ ಆಟಗಾರ ಮೂರ್ನಾಲ್ಕು ವರ್ಷ ಆಡಿ ಹೊರಟುಹೋಗುತ್ತಾನೆ. ಕೋಚ್ ಕೂಡ ಬದಲಾಗುತ್ತಾರೆ. ಆಡುವವನ ಮುಖ ಹೆಲ್ಮೆಟ್ಟಿನೊಳಗೆ ಸರಿಯಾಗಿ ಕಾಣುವುದೂ ಇಲ್ಲ. ಕೊನೆಗೆ ಉಳಿಯುವುದು ಬಣ್ಣ. ಅಜ್ಜ ನೋಡಿದ ಕೆಂಪನ್ನೇ ಮೊಮ್ಮಗಳೂ ನೋಡುತ್ತಾಳೆ. ಅದಕ್ಕೇ ಬಣ್ಣಕ್ಕೆ ಕೈ ಹಾಕಿದರೆ ಅಲ್ಲಿನ ಜನ ಅಷ್ಟು ನೊಂದುಕೊಳ್ಳುತ್ತಾರೆ.

ಮೊದಲ ಸಲ ಟಿಪ್ಪಣಿ ಮಾಡಿಕೊಂಡಾಗ ನಾನು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಸಂಪ್ರದಾಯ’, ಬಲಕ್ಕೆ ‘ವ್ಯಾಪಾರ’ ಅಂತ ಬರೆದಿದ್ದೆ. ಒಂದೊಂದೇ ಉದಾಹರಣೆ ತುಂಬುತ್ತಾ ಹೋದ ಹಾಗೆ ಆ ಗೆರೆ ಉಪಯೋಗಕ್ಕೆ ಬರಲಿಲ್ಲ. ಸಂಪ್ರದಾಯ ಅನ್ನಿಸಿಕೊಂಡದ್ದರಲ್ಲಿ ಎಷ್ಟೋ ಒಂದು ಕಾಲಕ್ಕೆ ಹೊಸ ಬದಲಾವಣೆಯೇ ಆಗಿತ್ತು. ಈಗ ನಾನು ಪ್ರತಿ ಉದಾಹರಣೆಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಯಾರು ನೋಡಲಿ ಅಂತ ಬದಲಾಯಿಸಿದರು?

ಮಾಸಿದ ಬಟ್ಟೆಯಿಂದ ಹುಟ್ಟಿದ ಬಣ್ಣಗಳು

ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಶುರು ಮಾಡೋಣ. ಅವರದು ಕಿತ್ತಳೆ ಮತ್ತು ಬಿಳಿ. ಆದರೆ 1920ರ ದಶಕದಲ್ಲಿ ಅವರ ಕಿತ್ತಳೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಒಗೆದು ಒಗೆದು ಹಳದಿಗೆ ತಿರುಗುತ್ತಿತ್ತು. ಇಂಗ್ಲಿಷಿನಲ್ಲಿ ಹಳದಿ ಹೊಟ್ಟೆಯವರು ಅಂದರೆ ಪುಕ್ಕಲರು ಅಂತ ಅರ್ಥ. ಎದುರಾಳಿಗಳು ಅದನ್ನೇ ಹಿಡಿದು ಆಡಿಕೊಂಡರು. 1928ರಲ್ಲಿ ಕೋಚ್ ಕ್ಲೈಡ್ ಲಿಟಲ್‌ಫೀಲ್ಡ್ ಗಾಢವಾದ, ಇಟ್ಟಿಗೆಯ ಕಡೆಗೆ ವಾಲುವ ಕಿತ್ತಳೆಯ ಜೆರ್ಸಿ ತರಿಸಿದರು. ಅದೇ ಈಗ ಪ್ರಸಿದ್ಧವಾಗಿರುವ ಬರ್ನ್ಟ್ ಆರೆಂಜ್.

ಮುಂದೆ ಆ ಬಣ್ಣ ದುಬಾರಿಯಾಯಿತು, ಸಿಗುವುದೂ ಕಷ್ಟವಾಯಿತು. ತಂಡ ಮತ್ತೆ ತಿಳಿ ಕಿತ್ತಳೆಗೆ ಮರಳಿತು. ಗಾಢ ಕಿತ್ತಳೆಯನ್ನು ವಾಪಸ್ ತಂದವರು ಕೋಚ್ ಡ್ಯಾರೆಲ್ ರಾಯಲ್, 1962ರಲ್ಲಿ. ಮರುವರ್ಷವೇ ಟೆಕ್ಸಾಸ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಮೇಲೆ ಆ ಬಣ್ಣವನ್ನು ಅಲುಗಾಡಿಸುವ ಮಾತೇ ಬರಲಿಲ್ಲ. ಇಲ್ಲಿ ಎರಡು ವಿಷಯ ಗಮನಿಸಿ. ಬದಲಾವಣೆ ಆಗಿದ್ದು ಎದುರಾಳಿಯ ಕಣ್ಣಿಗಾಗಿ, ಅವನ ಬಾಯಿ ಮುಚ್ಚಿಸಲಿಕ್ಕೆ. ಅದಕ್ಕೆ ‘ನಮ್ಮದು’ ಅನ್ನುವ ಮುದ್ರೆ ಬಿದ್ದದ್ದು ಮಾತ್ರ ಗೆಲುವಿನಿಂದ.

ಪೆನ್ ಸ್ಟೇಟ್ ಕಥೆ ಇನ್ನೂ ಹಳೆಯದು. ಈಗ ಅವರ ಗಾಢ ನೀಲಿ, ಬಿಳಿ ಎಷ್ಟು ಸರಳ ಅಂದರೆ ಹೆಲ್ಮೆಟ್ ಮೇಲೆ ಒಂದು ಚಿಹ್ನೆಯೂ ಇಲ್ಲ, ನಡುವೆ ಒಂದು ನೀಲಿ ಪಟ್ಟೆ ಅಷ್ಟೇ. ಆದರೆ 1887ರಲ್ಲಿ ವಿದ್ಯಾರ್ಥಿಗಳು ಆರಿಸಿದ್ದು ಗುಲಾಬಿ ಮತ್ತು ಕಪ್ಪು! ಬಿಸಿಲಿಗೆ ಗುಲಾಬಿ ಮಾಸಿ ಬೆಳ್ಳಗಾಗುತ್ತಿತ್ತು. 1890ರಲ್ಲಿ ನೀಲಿ, ಬಿಳಿಗೆ ಬಂದರು. ‘ನಮ್ಮ ಬಣ್ಣ ಎಂದೂ ಬದಲಾಗಿಲ್ಲ’ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಅಲ್ಲಿ ಒಂದು ಕೆಟ್ಟ ಬಣ್ಣದ ಡಬ್ಬಿ ಸಿಕ್ಕೇ ಸಿಗಬಹುದು.

ಬೆಳ್ಳಿ ಪ್ಯಾಂಟು, ಕಪ್ಪು ಜೆರ್ಸಿ

ಜಾರ್ಜಿಯಾ ವಿಶ್ವವಿದ್ಯಾಲಯದ ಉದಾಹರಣೆಯನ್ನು ಪೂರ್ತಿ ಓದಿ. ಒಂದೇ ತಂಡದಲ್ಲಿ ಮೂರು ಬಗೆಯ ಬದಲಾವಣೆ ಸಿಗುತ್ತದೆ.

1939ರಲ್ಲಿ ಕೋಚ್ ವಾಲಿ ಬಟ್ಸ್ ಕೆಂಪು ಜೆರ್ಸಿಗೆ ಬೆಳ್ಳಿ ಬಣ್ಣದ ಪ್ಯಾಂಟು ಸೇರಿಸಿದರು. ಅಭಿಮಾನಿಗಳು ಆ ಪ್ಯಾಂಟಿನ ಹೆಸರಲ್ಲೇ ಕೂಗು ಕಟ್ಟಿದರು. 1964ರಲ್ಲಿ ವಿನ್ಸ್ ಡೂಲಿ ಕೋಚ್ ಆಗಿ ಬಂದರು. ಬೆಳ್ಳಿ ಪ್ಯಾಂಟು ತೆಗೆದು ಬಿಳಿ ತಂದರು. ಹೆಲ್ಮೆಟ್ಟನ್ನು ಕೆಂಪು ಮಾಡಿ, ಪಕ್ಕದಲ್ಲಿ ಅಂಡಾಕಾರದ ‘ಜಿ’ ಅಕ್ಷರ ಹಾಕಿಸಿದರು. ಗ್ರೀನ್ ಬೇ ಪ್ಯಾಕರ್ಸ್ ಅನ್ನುವ ವೃತ್ತಿಪರ ತಂಡಕ್ಕೆ ಆಗಲೇ ಅಂಥದ್ದೇ ‘ಜಿ’ ಇತ್ತು, ಹಾಗಾಗಿ ಅವರ ಅನುಮತಿ ಕೇಳಿಕೊಂಡರು.

ಪ್ಯಾಂಟು ಹೋಗಿದ್ದಕ್ಕೆ ಜನರ ಮನಸ್ಸು ಒಪ್ಪಲಿಲ್ಲ. ‘ಜಿ’ ಮಾತ್ರ ಎಲ್ಲರಿಗೂ ಹಿಡಿಸಿತು. ಹದಿನಾರು ವರ್ಷ ಆದ ಮೇಲೆ, 1980ರಲ್ಲಿ, ಅದೇ ಡೂಲಿ ಬೆಳ್ಳಿ ಪ್ಯಾಂಟನ್ನು ವಾಪಸ್ ತಂದರು. ಆ ವರ್ಷ ಹರ್ಷಲ್ ವಾಕರ್ ಎಂಬ ಮೊದಲ ವರ್ಷದ ಹುಡುಗ ತಂಡಕ್ಕೆ ಬಂದಿದ್ದ. ಜಾರ್ಜಿಯಾ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಗೆಲುವು ಪ್ಯಾಂಟಿನಿಂದ ಬರಲಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಆ ವರ್ಷ ನೆನಪಾದಾಗಲೆಲ್ಲ ಬೆಳ್ಳಿ ಬಣ್ಣ ಜೊತೆಗೇ ಬರುತ್ತದೆ. ಗುರುತು ಅಂದರೆ ಇದೇ ಅಲ್ವಾ? ಬಣ್ಣ ಮತ್ತು ನೆನಪು ಒಂದಕ್ಕೊಂದು ಅಂಟಿಕೊಳ್ಳುವುದು.

ಈಗ ಮೂರನೆಯದು. 2007ರ ನವೆಂಬರಿನಲ್ಲಿ ಆಬರ್ನ್ ವಿರುದ್ಧದ ತವರು ಪಂದ್ಯಕ್ಕೆ ಅಭಿಮಾನಿಗಳೆಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಬಂದರು. ತಂಡ ಕೆಂಪು ಜೆರ್ಸಿಯಲ್ಲೇ ಅಭ್ಯಾಸ ಮಾಡಿ ಒಳಗೆ ಹೋಯಿತು. ತಿರುಗಿ ಬಂದದ್ದು ಕಪ್ಪು ಜೆರ್ಸಿಯಲ್ಲಿ. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು. 45–20ರಿಂದ ಗೆದ್ದರು. ಕಪ್ಪು ಅವರ ಮೂರನೇ ಬಣ್ಣವಾಗಿ ಮೊದಲೇ ಇತ್ತು. ನೋಡುವವರೂ ಆಡುವವರೂ ಒಂದೇ ಬಣ್ಣಕ್ಕೆ ಬಂದರು. ಆ ಸಂಜೆಯ ಬದಲಾವಣೆ ತಮ್ಮವರ ಕಣ್ಣಿಗಾಗಿಯೇ ಆಗಿತ್ತು.

ಮರುವರ್ಷ, 2008ರ ಸೆಪ್ಟೆಂಬರಿನಲ್ಲಿ, ಅಲಬಾಮಾ ತಂಡ ಬಂದಾಗ ಮತ್ತೆ ಅದೇ ಕಪ್ಪು. ಈ ಸಲ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಅರ್ಧ ಆಟಕ್ಕೆ ಅಲಬಾಮಾ 31–0. ಕೊನೆಗೆ 41–30ರಿಂದ ಜಾರ್ಜಿಯಾ ಸೋತಿತು. ಆಮೇಲೆ ಕಪ್ಪು ಜೆರ್ಸಿ ಅಂದರೆ ಬಹಳ ಜನರಿಗೆ ಈ ರಾತ್ರಿಯೇ ನೆನಪು. ಬಟ್ಟೆ ಅದೇ, ಮೈದಾನ ಅದೇ. ಮೊದಲ ಸಲ ಅಚ್ಚರಿ ಇತ್ತು, ಈ ಸಲ ಅದು ಕಾರ್ಯಕ್ರಮ ಆಗಿಬಿಟ್ಟಿತ್ತು. ಆರ್‌ಸಿಬಿ ವರ್ಷಕ್ಕೊಂದು ಪಂದ್ಯ ಹಸಿರು ಜೆರ್ಸಿಯಲ್ಲಿ ಆಡುವುದನ್ನು ನೋಡಿದವರಿಗೆ, ಸೋತ ದಿನ ಬಣ್ಣದ ಮೇಲೆ ಎಷ್ಟು ಮಾತು ಬರುತ್ತದೆ ಅಂತ ಹೇಳಿಕೊಡಬೇಕಿಲ್ಲ.

ಇಂಥ ಅಚ್ಚರಿಗೆ ಮೂಲ ಮಾದರಿ ಅಂತ ಎಲ್ಲರೂ ಹೇಳುವುದು ನೋಟ್ರ ಡೇಮ್, 1977. ಎದುರಾಳಿ ಸದರ್ನ್ ಕ್ಯಾಲಿಫೋರ್ನಿಯಾ. ಅಭ್ಯಾಸಕ್ಕೆ ನೀಲಿ ಹಾಕಿಕೊಂಡಿದ್ದ ಆಟಗಾರರು ಕೋಣೆಗೆ ಮರಳಿದಾಗ ಅಲ್ಲಿ ಹಸಿರು ಜೆರ್ಸಿ ಕಾಯುತ್ತಿತ್ತು. 49–19ರಿಂದ ಗೆದ್ದರು, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ತಂಡದ ಅಡ್ಡಹೆಸರೇ ‘ಫೈಟಿಂಗ್ ಐರಿಷ್’. ಐರ್ಲೆಂಡಿನ ಹಸಿರು ಅವರಿಗೆ ಹೊರಗಿನದು ಅನ್ನಿಸಲೇ ಇಲ್ಲ.

ನಿಯಮ ಅಡ್ಡ ಬಂದಾಗ

ಸಾಮಾನ್ಯವಾಗಿ ಈ ಆಟದಲ್ಲಿ ತವರು ತಂಡಕ್ಕೆ ಗಾಢ ಬಣ್ಣ, ಬಂದವರಿಗೆ ಬಿಳಿ. ಲೂಯಿಸಿಯಾನ ಸ್ಟೇಟ್, ಅಂದರೆ ಎಲ್‌ಎಸ್‌ಯು, ಮಾತ್ರ ಉಲ್ಟಾ. 1958ರಲ್ಲಿ ಕೋಚ್ ಪಾಲ್ ಡೀಟ್ಜೆಲ್ ತವರಿನಲ್ಲೂ ಬಿಳಿ ಹಾಕಿಸಿದರು, ಆ ವರ್ಷ ತಂಡ ರಾಷ್ಟ್ರೀಯ ಚಾಂಪಿಯನ್. ಬಿಳಿ ಅವರಿಗೆ ಶುಭ ಅನ್ನುವ ನಂಬಿಕೆ ಬೇರೂರಿತು. 1983ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ, ತವರು ತಂಡ ಬಣ್ಣದ ಜೆರ್ಸಿಯನ್ನೇ ಹಾಕಬೇಕು ಅಂತ ನಿಯಮ ಮಾಡಿತು. ಎಲ್‌ಎಸ್‌ಯು ಹನ್ನೆರಡು ವರ್ಷ ತನ್ನ ಮನೆಯಲ್ಲೇ ತನ್ನ ಬಿಳಿ ಬಟ್ಟೆ ಹಾಕುವ ಹಾಗಿರಲಿಲ್ಲ.

1995ರಲ್ಲಿ ಹೊಸ ಕೋಚ್ ಜೆರ್ರಿ ಡಿನಾರ್ಡೊ ನಿಯಮ ಸಮಿತಿಯ ಬೆನ್ನು ಹತ್ತಿದರು. ಬಂದ ತಂಡ ಒಪ್ಪಿದರೆ ಬಿಳಿ ಹಾಕಬಹುದು ಅಂತಾಯಿತು. ಬಿಳಿ ಜೆರ್ಸಿಯಲ್ಲಿ ಆಬರ್ನನ್ನು 12–6ರಿಂದ ಸೋಲಿಸಿದರು. 1996ರಲ್ಲಿ ಒಂದು ತಂಡ ಮಾತ್ರ ಒಪ್ಪಲಿಲ್ಲ: ವ್ಯಾಂಡರ್‌ಬಿಲ್ಟ್. ಡಿನಾರ್ಡೊ ಅದಕ್ಕೂ ಮುಂಚೆ ಕೋಚ್ ಆಗಿದ್ದದ್ದು ಅಲ್ಲೇ! ಆ ದಿನ ಎಲ್‌ಎಸ್‌ಯು ಚಿನ್ನದ ಬಣ್ಣದಲ್ಲಿ ಆಡಬೇಕಾಯಿತು.

ಇದಕ್ಕೆ ಜೋಡಿಯಾಗಿ ಇನ್ನೊಂದು. ಲಾಸ್ ಏಂಜಲೀಸಿನ ಎರಡು ತಂಡಗಳು, ಯುಎಸ್‌ಸಿ (ಮೇಲೆ ಹೇಳಿದ ಸದರ್ನ್ ಕ್ಯಾಲಿಫೋರ್ನಿಯಾ) ಮತ್ತು ಯುಸಿಎಲ್‌ಎ. ಇಬ್ಬರೂ ತಮ್ಮ ತಮ್ಮ ಬಣ್ಣದಲ್ಲೇ ಎದುರಾಗುವುದು ಹಳೆಯ ಚಂದ. ಕಡುಗೆಂಪಿಗೆ ತಿಳಿ ನೀಲಿ. 2008ರಲ್ಲಿ ಯುಎಸ್‌ಸಿ ಕೋಚ್ ಪೀಟ್ ಕ್ಯಾರಲ್ ಅದನ್ನು ವಾಪಸ್ ತರಲು ಹೊರಟರು. ಬಂದ ತಂಡ ಬಣ್ಣ ಹಾಕಿದರೆ ಒಂದು ಟೈಮ್‌ಔಟ್, ಅಂದರೆ ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಅವಕಾಶ, ಕಳೆದುಕೊಳ್ಳಬೇಕಿತ್ತು. ಕ್ಯಾರಲ್ ಕಳೆದುಕೊಂಡರು. ಯುಸಿಎಲ್‌ಎ ಕೋಚ್ ರಿಕ್ ನ್ಯೂಹೈಸೆಲ್ ತಕ್ಷಣ ತಮ್ಮದೂ ಒಂದು ಟೈಮ್‌ಔಟ್ ಬಿಟ್ಟುಕೊಟ್ಟು ಲೆಕ್ಕ ಸರಿಮಾಡಿದರು. ಮರುವರ್ಷ ನಿಯಮವೇ ಸಡಿಲವಾಯಿತು. ಎದುರಾಳಿಯ ಬಣ್ಣಕ್ಕೆ ಎದುರಾಳಿಯೇ ಮರ್ಯಾದೆ ಕೊಟ್ಟ ಈ ಪ್ರಸಂಗ ಓದಿದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ.

ಆರಿಗನ್: ಬದಲಾಗುವುದೇ ಗುರುತು

ಇಲ್ಲಿಗೆ ಬಂದಾಗ ನಮ್ಮ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ.

ಆರಿಗನ್ ವಿಶ್ವವಿದ್ಯಾಲಯದ ಬಣ್ಣ ಹಸಿರು, ಹಳದಿ. ತಂಡದ ಹೆಸರು ಡಕ್ಸ್, ಬಾತುಕೋಳಿಗಳು. 1996ರ ಜನವರಿ 1ರಂದು ಕಾಟನ್ ಬೌಲ್ ಪಂದ್ಯದಲ್ಲಿ ಕೊಲೊರಾಡೋ ಎದುರು 38–6ರಿಂದ ಸೋತರು. ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಫಿಲ್ ನೈಟ್ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಮುಂದಕ್ಕೆ ಹೋಗಲು ಏನು ಬೇಕು ಅಂತ ಅವರು ಕೋಚ್ ಮೈಕ್ ಬೆಲಾಟಿಯನ್ನು ಕೇಳಿದರು. ಮೊದಲು ಬಂದದ್ದು ಮಳೆಯಲ್ಲೂ ಅಭ್ಯಾಸ ಮಾಡಬಹುದಾದ ಒಳಾಂಗಣ ಮೈದಾನ. ಹಿಂದೆಯೇ ಹೊಸ ವೇಷ. ನೈಕಿಯ ವಿನ್ಯಾಸಕಾರ ಟಿಂಕರ್ ಹ್ಯಾಟ್‌ಫೀಲ್ಡ್ ಕೂಡ ಅಲ್ಲಿಯ ಹಳೆ ವಿದ್ಯಾರ್ಥಿ. ಹೊಸ ‘ಓ’ ಅಕ್ಷರದ ಹೊರಗಿನ ಆಕಾರ ಅವರ ಫುಟ್‌ಬಾಲ್ ಮೈದಾನ ಆಟ್ಜೆನ್ ಸ್ಟೇಡಿಯಮ್ಮಿನದು, ಒಳಗಿನ ಆಕಾರ ಓಟದ ಮೈದಾನ ಹೇವರ್ಡ್ ಫೀಲ್ಡಿನದು.

ಆಮೇಲೆ ಜೆರ್ಸಿ, ಪ್ಯಾಂಟು, ಹೆಲ್ಮೆಟ್ಟುಗಳ ಜೋಡಣೆ ವಾರ ವಾರ ಬದಲಾಗತೊಡಗಿತು. ಕಪ್ಪು, ಬೂದು, ಬಿಳಿ, ಕಣ್ಣು ಕುಕ್ಕುವ ಹಳದಿ. ಇದೆಲ್ಲ ಸುಮ್ನೆ ಶೋಕಿ ಅಂತ ಬಿಟ್ಟುಬಿಡಬೇಡಿ. ಆರಿಗನ್ ಜನ ಕಡಿಮೆ ಇರುವ ರಾಜ್ಯ. ಒಳ್ಳೆಯ ಆಟಗಾರರನ್ನು ಕ್ಯಾಲಿಫೋರ್ನಿಯಾ, ಟೆಕ್ಸಾಸುಗಳಿಂದ ಕರೆತರಬೇಕು. ಹದಿನೇಳು ವರ್ಷದ ಹುಡುಗ ಅದನ್ನು ಟಿವಿಯಲ್ಲಿ ನೋಡಿ ‘ನಾನೂ ಅದನ್ನು ಹಾಕಬೇಕು’ ಅನ್ನಬೇಕು. ಬದಲಾವಣೆ ಆದದ್ದು ಆ ಹುಡುಗನ ಕಣ್ಣಿಗಾಗಿ. ಅಲಬಾಮಾ ಹೇಳಿಕೊಳ್ಳುವಷ್ಟು ಹಳೆಯ ಗೆಲುವುಗಳು ಆರಿಗನ್ ಬಳಿ ಇರಲಿಲ್ಲ. ಇಲ್ಲದ ಇತಿಹಾಸದ ಜಾಗದಲ್ಲಿ ಅವರು ಹೊಸತನ ಇಟ್ಟರು. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ದಾರಿ.

ಆದರೆ ಇದಕ್ಕೂ ಒಂದು ಅಂಚು ಇದೆ. 2015ರ ಜನವರಿ 12ರಂದು, ಹೊಸ ಪ್ಲೇಆಫ್ ಪದ್ಧತಿಯ ಮೊದಲ ಫೈನಲ್. ಒಹಾಯೋ ಸ್ಟೇಟ್ ತನ್ನ ಕೆಂಪಿನಲ್ಲಿ ಬಂತು. ಆರಿಗನ್ ಬಂದದ್ದು ಬಿಳಿ ಮತ್ತು ಬೂದು ಬಣ್ಣದಲ್ಲಿ. ಹಸಿರು, ಹಳದಿಯನ್ನು ಹುಡುಕಬೇಕಿತ್ತು. ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ದೊಡ್ಡ ರಾತ್ರಿ, ಮೈಮೇಲೆ ವಿಶ್ವವಿದ್ಯಾಲಯದ ಬಣ್ಣ ಇಲ್ಲ. 42–20ರಿಂದ ಸೋತರು. ಸೋಲಿಗೆ ಬಟ್ಟೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಮಕ್ಕಳನ್ನು ಕರೆದುಕೊಂಡು ಹಸಿರು ಹಾಕಿಕೊಂಡು ದೂರದಿಂದ ಬಂದು ಕೂತವರಿಗೆ, ಮೈದಾನದಲ್ಲಿ ತಮ್ಮ ಬಣ್ಣ ಕಾಣಬೇಕಿತ್ತು. ಆ ರಾತ್ರಿ ಹೊಸ ಹುಡುಗನ ಕಣ್ಣಿಗಿಂತ ಅವರ ಕಣ್ಣು ಮುಖ್ಯವಾಗಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಬಣ್ಣ ಉಳಿದು ಮಿಕ್ಕದ್ದು ಹೋದಾಗ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡಬೇಡಿ. ಸ್ಟ್ಯಾನ್‌ಫರ್ಡ್ ತಂಡಕ್ಕೆ ಹಿಂದೆ ‘ಇಂಡಿಯನ್ಸ್’ ಅಂತ ಹೆಸರಿತ್ತು. ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳು ಇದು ನಮಗೆ ಅವಮಾನ ಅಂತ ಹೇಳಿದ ಮೇಲೆ 1972ರಲ್ಲಿ ಆ ಹೆಸರು ಹೋಯಿತು. 1981ರಿಂದ ಅಧಿಕೃತ ಹೆಸರು ‘ಕಾರ್ಡಿನಲ್’. ಇದು ಹಕ್ಕಿ ಅಲ್ಲ, ಕಡುಗೆಂಪು ಬಣ್ಣ. ತಂಡದ ಹೆಸರೇ ಒಂದು ಬಣ್ಣ!

ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕೆಂಪು, ನೀಲಿ 1893ರಲ್ಲಿ ಹಾರ್ವರ್ಡ್ ಮತ್ತು ಯೇಲ್‌ಗಳಿಂದ ಎರವಲು ತಂದದ್ದು. ಅಲ್ಲಿನ ಮೈದಾನದಲ್ಲಿ ದಶಕಗಳ ಕಾಲ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಧ್ವಜ ಹಾರಾಡುತ್ತಿತ್ತು. 1997ರಲ್ಲಿ ಮೈದಾನದೊಳಗೆ ಕೋಲು ತರುವುದನ್ನು ನಿಷೇಧಿಸಿದರು, ಧ್ವಜಗಳು ಕಡಿಮೆಯಾದವು. 2003ರಲ್ಲಿ ‘ಕರ್ನಲ್ ರೆಬ್’ ಎಂಬ ಹಳೇ ಜಮೀನ್ದಾರನ ವೇಷದ ಗೊಂಬೆಯನ್ನೂ ಮೈದಾನದಿಂದ ತೆಗೆದರು. ಕೆಂಪು, ನೀಲಿ ಹಾಗೇ ಉಳಿಯಿತು. ಇಲ್ಲಿ ಕೇಳಬೇಕಾದ ಕಣ್ಣು ಬೇರೆ: ಅದೇ ಮೈದಾನದಲ್ಲಿ ಆಡಲು ಬಂದ ಕಪ್ಪು ವರ್ಣದ ಹುಡುಗ ತಲೆಯೆತ್ತಿದಾಗ ಏನು ಕಾಣುತ್ತಿತ್ತು?

ಮತ್ತೆ ಪೆನ್ ಸ್ಟೇಟಿಗೆ ಬರೋಣ. ಅವರ ಜೆರ್ಸಿ ಬೆನ್ನಿನ ಮೇಲೆ ಆಟಗಾರನ ಹೆಸರು ಇರುತ್ತಿರಲಿಲ್ಲ. ತಂಡ ದೊಡ್ಡದು, ಒಬ್ಬನಲ್ಲ ಅನ್ನುವ ಭಾವ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ ಹೊರಬಂದ ಮೇಲೆ, 2012ರಲ್ಲಿ ಎನ್‌ಸಿಎಎ ಕಠಿಣ ಶಿಕ್ಷೆ ಹಾಕಿತು. ಆಟಗಾರರು ಬೇರೆ ಕಾಲೇಜಿಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ತಪ್ಪು ಮಾಡದ ಹುಡುಗರಲ್ಲಿ ಬಹಳ ಮಂದಿ ಹೋಗದೆ ಉಳಿದರು. ಹೊಸ ಕೋಚ್ ಬಿಲ್ ಓಬ್ರಯನ್ ಆ ವರ್ಷ ಅವರ ಬೆನ್ನ ಮೇಲೆ ಹೆಸರು ಹಾಕಿಸಿದರು. ನೂರು ವರ್ಷ ದಾಟಿದ ಸರಳ ಜೆರ್ಸಿಯ ಮೇಲೆ ಮೊದಲ ಸಲ ಅಕ್ಷರಗಳು ಬಂದವು. 2015ರಲ್ಲಿ ಜೇಮ್ಸ್ ಫ್ರಾಂಕ್ಲಿನ್ ಅವನ್ನು ತೆಗೆಸಿದರು. ಹಾಕಿದ್ದೂ ಸರಿ, ತೆಗೆದದ್ದೂ ಸರಿ ಅಂತ ನನಗೆ ಅನ್ನಿಸುತ್ತದೆ. ಆ ಹೆಸರುಗಳು ಮಾರಾಟಕ್ಕೆ ಬಂದದ್ದಲ್ಲ, ಉಳಿದವರಿಗೆ ಸಂದ ಗೌರವ.

ಮನೆಯಲ್ಲಿ ಮಾಡಿ ನೋಡಿ

ಓದಿದ್ದು ತಲೆಗೆ ಹತ್ತಬೇಕಾದರೆ ಹೀಗೆ ಮಾಡಿ. ಐದಾರು ತಂಡಗಳ ಪಂದ್ಯದ ಫೋಟೊ ತೆಗೆದುಕೊಂಡು ಫೋನಿನಲ್ಲಿ ಕಪ್ಪು ಬಿಳುಪು ಮಾಡಿ, ಗುರುತು ಹಿಡಿಯಿರಿ. ಮಿಷಿಗನ್ ತಂಡದ ಹೆಲ್ಮೆಟ್ ಮೇಲಿನ ರೆಕ್ಕೆ ಒಂದೇ ನೋಟಕ್ಕೆ ಸಿಗುತ್ತದೆ. ಅದನ್ನು ಅಲ್ಲಿಗೆ ತಂದವರು 1938ರಲ್ಲಿ ಕೋಚ್ ಫ್ರಿಟ್ಜ್ ಕ್ರಿಸ್ಲರ್. ಅಲಬಾಮಾ ಹೆಲ್ಮೆಟ್ ಮೇಲಿನ ಅಂಕಿಯೂ ಕಾಣುತ್ತದೆ. ಜಾರ್ಜಿಯಾದ ‘ಜಿ’ ಉಳಿಯುತ್ತದೆ, ಬೆಳ್ಳಿ ಪ್ಯಾಂಟು ಬೂದು ಬಣ್ಣದಲ್ಲಿ ಕರಗಿಹೋಗುತ್ತದೆ. ಟೆಕ್ಸಾಸಿನ ಕಿತ್ತಳೆಯೂ ಹೋಗುತ್ತದೆ, ಹೆಲ್ಮೆಟ್ ಮೇಲಿನ ಎತ್ತಿನ ಕೊಂಬಿನ ಚಿತ್ರ ನಿಲ್ಲುತ್ತದೆ. ಆರಿಗನ್ನಿನ ಫೋಟೊ ಯಾವ ವರ್ಷದ್ದು ಅಂತ ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಕಷ್ಟ. ಪೆನ್ ಸ್ಟೇಟಿನದು ಕೊನೆಗೆ ನೋಡಿ. ಬರಿಯ ಹೆಲ್ಮೆಟ್, ಒಂದು ಪಟ್ಟೆ, ಹೆಸರಿಲ್ಲದ ಬೆನ್ನು. ಏನೂ ಇಲ್ಲದಿರುವುದನ್ನು ನೋಡಿಯೇ ನೀವು ಅವರನ್ನು ಹಿಡಿದುಬಿಡುತ್ತೀರಿ.